ಕಾರು ರಸ್ತೆಯಲ್ಲೇ ನಿಲ್ಲಲಿ

ಉಪ್ಪಳದಲ್ಲಿ ಕಡಲಬದಿಗೆ ಹೋಗುವ ದಾರಿಯಲ್ಲಿ ನಮ್ಮ ಉಪ್ಪನ ಅಂಗಡಿ ಉಂಟು. ಭಾನುವಾರ ಸಂಜೆ ಯಾರಾದರೂ ಓಡಿ ಬಂದು "ಹಗ್ಗ ಉಂಟಾ, ಹಲಗೆ ಉಂಟಾ?" ಎಂದರೆ ಯಾಕೆಂದು ಕೇಳಬೇಕಾಗಿಲ್ಲ. ಯಾರದೋ ಕಾರು ಹೊಯ್ಗೆಯಲ್ಲಿ ಹೂತಿರುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನೆಂದು ನನ್ನನ್ನೇ ಕರೆಯುತ್ತಾರೆ. ಟೈರಿನ ಗಾಳಿ ಇಳಿಸಿ, ಚಕ್ರದಡಿ ಹಲಗೆ ಕೊಟ್ಟು ಎಳೆಸುತ್ತೇನೆ.

ಕಳೆದ ಪೆರ್ನಾಳಿನ ಮರುದಿನ ನಮ್ಮವರದೇ ಒಂದು ಜೀಪು ಗಿರಗಿರ ಸುತ್ತುತ್ತಾ, ಹೊಯ್ಗೆಯಲ್ಲಿ ಆಡುತ್ತಿದ್ದ ನನ್ನ ಮಗಳ ಪಕ್ಕಕ್ಕೇ ಬಂತು. ಅವಳ ಉಮ್ಮ ಎಳೆದುಕೊಂಡದ್ದರಿಂದ ಉಳಿದಳು. ಅಂದಿನಿಂದ ಹಲಗೆ ಕೊಡುವಾಗ ನನಗೆ ಕಸಿವಿಸಿ.

"ಕಣ್ಣೂರಿನ ಮುಳಪ್ಪಿಲಂಗಾಡಿಯಲ್ಲಿ ಬಿಡುವುದಿಲ್ಲವಾ?" ಎಂದು ಕೇಳುವವರಿದ್ದಾರೆ. ಅಲ್ಲಿ ಸುಮಾರು 4 ಕಿಲೋಮೀಟರ್ ಗಟ್ಟಿ ಹೊಯ್ಗೆ. ಕಡಲೊಳಗಿನ ಕಪ್ಪು ಬಂಡೆಗಳು ತೆರೆಯ ಬಲ ಮುರಿಯುತ್ತವೆ. ನಮ್ಮದು ಸಡಿಲ ಹೊಯ್ಗೆ. ಮುಸೋಡಿಯಲ್ಲಿ ಕಡಲು ದಡ ನುಂಗಿದ್ದನ್ನು ಕಣ್ಣಾರೆ ಕಂಡವರು ನಾವು. ಇರುವ ಹೊಯ್ಗೆಯನ್ನು ಹಿಡಿದಿಡುವುದು ಅಡುಂಬು ಬಳ್ಳಿ. ಒಂದೂವರೆ ಟನ್ ತೂಕದ ಗಾಡಿ ಅದರ ಮೇಲೆ ಮತ್ತೆ ಮತ್ತೆ ಹೋದರೆ ಬಳ್ಳಿ ಉಳಿಯುವುದಿಲ್ಲ.

ಕಡಲಾಮೆಯ ವಿಷಯವೂ ಉಂಟು. ಅದು ಒಂದೂವರೆ ಅಡಿ ಆಳದಲ್ಲಿ ನೂರರಷ್ಟು ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಹೊರಬರಲು ಸುಮಾರು 50 ದಿನ ಬೇಕು. ನಮ್ಮದೇ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿ ನೈತಲ್ ಸಂಘದವರು ಆ ಮೊಟ್ಟೆಗಳನ್ನು ಕಾಯುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯಂತೆ ಕಡಲಾಮೆಯೂ ಮೊದಲ ಪಟ್ಟಿಯಲ್ಲಿದೆ.

ಹಾಗೆಂದು ಬೀಚನ್ನೇ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಟಿಕೆಟಿಲ್ಲದೆ ಹೆಂಗಸರು, ಮಕ್ಕಳು ಹೋಗಿ ಕೂರಬಹುದಾದ ಜಾಗ ನಮಗೆ ಬೇರೆ ಎಲ್ಲುಂಟು? ಟಿಕೆಟ್ ಇಟ್ಟರೆ ಮೊದಲು ತಪ್ಪಿಹೋಗುವುದು ಬಡವರೇ. ದೋಣಿಯ, ಕೈರಂಪಣಿಯ ಕೆಲಸಕ್ಕೆ ಬರುವ ಗಾಡಿಯನ್ನೂ ತಡೆಯಬಾರದು. ಅವರಿಗೆ ಅದು ಮೋಜಲ್ಲ, ಅನ್ನ.

ನಾನು ಕೇಳುವುದು ಇಷ್ಟೇ. ರಸ್ತೆ ಮುಗಿಯುವಲ್ಲಿ ಪಂಚಾಯತಿನವರು ಒಂದು ಸರಪಳಿ ಹಾಕಲಿ. ಪಾರ್ಕಿಂಗ್ ಅದರಿಂದ ಈಚೆ ಇರಲಿ. ನಡೆಯಲಾಗದ ಹಿರಿಯರಿಗೆ ಹಲಗೆಯ ಒಂದು ದಾರಿ ಮಾಡಲಿ. ದಂಡದ ಹಣದಲ್ಲಿ ಕಡಲು ನೋಡಿಕೊಳ್ಳಲು ಒಬ್ಬ ಲೈಫ್‌ಗಾರ್ಡ್ ಇರಲಿ. ಮತ್ತೆ, ಬೋರ್ಡು ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಓದಲು ಬಾರದ ಭಾಷೆಯಲ್ಲಿ ಬರೆದ ನಿಯಮಕ್ಕೆ ದಂಡ ಹಾಕುವುದು ಯಾವ ನ್ಯಾಯ?

ಗಾಡಿ ಕಡಿಮೆಯಾದರೆ ನಮ್ಮ ಅಂಗಡಿಯ ಸೋಡಾ ವ್ಯಾಪಾರವೂ ಕಡಿಮೆಯಾದೀತು. ಉಪ್ಪನಿಗೆ ಹೇಳಿದೆ. "ಮಗು ಉಳಿದರೆ ಸಾಕು, ಸೋಡಾ ನಾಳೆಯೂ ಮಾರಬಹುದು" ಎಂದರು.

ಸರಪಳಿ ಬರುವ ತನಕ ನಮ್ಮ ಮನೆಯ ಹುಡುಗರಿಗೆ ಬೀಗದ ಕೈ ಕೊಡುವಾಗ ನಾವೇ ಒಂದು ಮಾತು ಹೇಳೋಣ: ಕಾರು ರಸ್ತೆಯಲ್ಲೇ ನಿಲ್ಲಲಿ.