ಬಾಯಿಗೊಂದು ಮೈಕು ಏಕೆ?

ಚರ್ಚಿನ ಗಾಯನವೃಂದವನ್ನು ಧ್ವನಿಮುದ್ರಿಸಬೇಕೆಂದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, "ಎಷ್ಟು ಮೈಕು?" ಮೈಕು ಹೆಚ್ಚಿದಷ್ಟೂ ಹಾಡು ಚೆನ್ನ ಎಂಬ ಈ ನಂಬಿಕೆಯನ್ನು ನಾನು ಒಪ್ಪಲಾರೆ.

ವೃಂದವೆಂದರೆ ಇಪ್ಪತ್ತು ಒಂಟಿ ದನಿಗಳ ಮೊತ್ತವಲ್ಲ. ನಾಲ್ಕು ಸ್ವರಭಾಗಗಳು ಗಾಳಿಯಲ್ಲಿ ಬೆರೆತ ಮೇಲೆಯೇ ಅದು ವೃಂದಗಾನ. ಬಾಯಿಯ ಬಳಿ ಇಟ್ಟ ಮೈಕಿಗೆ ಆ ಬೆರಕೆ ತಲುಪುವುದೇ ಇಲ್ಲ. ಪೈಪ್ ಆರ್ಗನ್ನಿನ ಪಾಡೂ ಇದೇ. ಅದನ್ನು ಕಟ್ಟಿದವರು ಆ ಕಟ್ಟಡದ ಗೋಡೆ, ಮಾಡುಗಳನ್ನು ಲಕ್ಷ್ಯದಲ್ಲಿಟ್ಟೇ ಕೊಳವೆಗಳ ದನಿ ತಿದ್ದಿರುತ್ತಾರೆ. ಅದರ 16 ಅಡಿ ಕೊಳವೆಯ ಅತಿ ತಗ್ಗಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 33 ಕಂಪನ. ಭಾಷಣದ ಮೈಕಿಗೆ ಅದು ದಕ್ಕುವುದಿಲ್ಲ.

ಎಲ್ಲ ದಿಕ್ಕಿನ ದನಿ ಹಿಡಿಯುವ ಎರಡು ಕಂಡೆನ್ಸರ್ ಮೈಕು, 48 ವೋಲ್ಟ್ ಕೊಡುವ ಒಂದು ಮಿಕ್ಸರ್, ಎತ್ತರದ ಸ್ಟ್ಯಾಂಡು ಸಾಕು. ವೃಂದದಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ, ಹಾಡುವವರ ತಲೆಗಿಂತ ಮೇಲೆ, ಅರ್ಧ ಮೀಟರ್ ಅಂತರದಲ್ಲಿ ಎರಡನ್ನೂ ನಿಲ್ಲಿಸಿ ಕೇಳಿ ನೋಡಿ. ಪದಗಳು ಮಸುಕಾದರೆ ಸ್ವಲ್ಪ ಮುಂದೆ ತನ್ನಿ. ಆರ್ಗನ್ ಸೊರಗಿದರೆ ಸ್ವಲ್ಪ ಹಿಂದೆ ಸರಿಸಿ.

"ಪ್ರತಿಧ್ವನಿಯ ಕಾಟ" ಎನ್ನುವವರಿದ್ದಾರೆ. ಅದನ್ನು ಕೊಂದು, ಆಮೇಲೆ ಯಂತ್ರದಿಂದ ಕೃತಕ ಪ್ರತಿಧ್ವನಿ ಸೇರಿಸುವವರೂ ಅವರೇ!

ನಮ್ಮ ವೃಂದದ ಒಂದು ಮುದ್ರಣದಲ್ಲಿ ಮುಂದಿನ ಸಾಲಿನ ನಾಲ್ವರ ದನಿ ಮಾತ್ರ ಉಳಿದಿದೆ. ಹಿಂದೆ ನಿಂತು ಬಾಸ್ ಹಾಡಿದ ಹಿರಿಯರಲ್ಲಿ ಇಬ್ಬರು ಈಗಿಲ್ಲ. ಅವರ ಮೊಮ್ಮಕ್ಕಳು ಕೇಳಿದರೆ ಏನು ಕೊಡೋಣ? ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನ ದನಿ ಕೇಳಿಸಿಕೊಳ್ಳದ ಶಿಕ್ಷಕಿ ಶಿಕ್ಷಕಿಯಲ್ಲ. ಮೈಕಿಗೂ ಅದೇ ನ್ಯಾಯ.