ಹಗಲಿನ ನೆಮ್ಮದಿಯನ್ನು ಕುರಿತ ಮನವಿ ಪತ್ರ

ಮಾನ್ಯ ಆಯುಕ್ತರು,
ಮೈಸೂರು ಮಹಾನಗರ ಪಾಲಿಕೆ, ಇವರ ಸನ್ನಿಧಾನಕ್ಕೆ

ಅರ್ಜಿದಾರರು: ಸರಸ್ವತೀಪುರದ ಅಡ್ಡರಸ್ತೆಯೊಂದರ ನಿವಾಸಿಗಳು

ವಿಷಯ: ವಾಸದ ಮನೆಗಳ ನವೀಕರಣದಿಂದ ಹಗಲಿನಲ್ಲಿ ಉಂಟಾಗುವ ನಿರಂತರ ಶಬ್ದಕ್ಕೆ ಕಾಲನಿಯಮವನ್ನು ವಿಧಿಸುವ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಮ್ಮ ಬಡಾವಣೆಯ ಮನೆಗಳಿಗೆ ವಯಸ್ಸಾಗಿದೆ. ಹಿರಿಯರು ಹಾಕಿಸಿದ ರೆಡ್ ಆಕ್ಸೈಡ್ ನೆಲವನ್ನು ಅಗೆದು ಗ್ರಾನೈಟ್ ಹಾಸುವುದು, ಹಳೆಯ ಬಚ್ಚಲನ್ನು ಒಡೆದು ಹೊಸತು ಕಟ್ಟಿಸುವುದು, ಗೋಡೆಯನ್ನು ಕೊರೆದು ಪೈಪು ವೈರುಗಳನ್ನು ಒಳಗೆ ಹುದುಗಿಸುವುದು, ಇವೆಲ್ಲ ಗೃಹಸ್ಥನಾದವನ ನ್ಯಾಯವಾದ ಅಪೇಕ್ಷೆಗಳೆಂದು ನಾವು ಬಲ್ಲೆವು. ನಮ್ಮಲ್ಲಿ ಅನೇಕರು ಹಿಂದೆ ಇಂಥ ಕೆಲಸ ಮಾಡಿಸಿದವರು. ಉಳಿದವರು ಮುಂದೆ ಮಾಡಿಸತಕ್ಕವರು. ಆದಕಾರಣ ಯಾವ ನೆರೆಯವರ ಮೇಲೆಯೂ ದೂರು ಹೇಳುವುದು ನಮ್ಮ ಉದ್ದೇಶವಲ್ಲ.

ಆದರೆ ಒಂದು ಮನೆಯ ಕೆಲಸ ಮುಗಿಯುವಷ್ಟರಲ್ಲಿ ಮತ್ತೊಂದು ಮನೆಯದು ಮೊದಲಾಗಿ, ಸುತ್ತಿಗೆಯ ಹೊಡೆತವೂ ಕಲ್ಲು ಕತ್ತರಿಸುವ ಯಂತ್ರದ ಚೀತ್ಕಾರವೂ ತಿಂಗಳುಗಟ್ಟಲೆ ಎಡೆಬಿಡದೆ ಸಾಗಿರುವ ಈ ಬೀದಿಯಲ್ಲಿ, ಹಗಲು ಹೊತ್ತು ಮನೆಯಲ್ಲಿಯೇ ಇರಬೇಕಾದವರ ಬಾಳು ದುಸ್ಸಹವಾಗಿದೆ. ಗೋಡೆಯ ಆಚೆ ಡ್ರಿಲ್ಲು ಹಿಡಿದೊಡನೆ ಈಚೆಯ ಅಡುಗೆಮನೆಯಲ್ಲಿ ಬೋರಲು ಹಾಕಿದ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತವೆ. ಎರಡು ಮನೆಗಳಿಗೆ ಒಂದೇ ಗೋಡೆಯಿರುವಲ್ಲಿ ಶಬ್ದವು ಗಾಳಿಯಿಂದ ಮಾತ್ರವಲ್ಲದೆ ಇಟ್ಟಿಗೆ ಗಾರೆಗಳ ಮೂಲಕವೂ ಹರಿದು ಬರುವುದರಿಂದ, ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿಯೂ ಪ್ರಯೋಜನವಿಲ್ಲ.

ನಮ್ಮ ನಡುವೆ ನಿವೃತ್ತ ಅಧ್ಯಾಪಿಕೆಯೊಬ್ಬರಿದ್ದಾರೆ. ಮಂದವಾದ ಕಿವಿಗೆ ಶ್ರವಣಯಂತ್ರವನ್ನು ಧರಿಸಿ, ಅದರ ಆಸರೆಯಿಂದಲೇ ಲೋಕದೊಡನೆ ಮಾತನಾಡುತ್ತಿರುವವರು. ಆ ಯಂತ್ರವು ಮಗಳ ಮಾತನ್ನು ಹಿಗ್ಗಿಸುವಂತೆಯೇ ಪಕ್ಕದ ಮನೆಯ ಗ್ರೈಂಡರಿನ ಶಬ್ದವನ್ನೂ ಹಿಗ್ಗಿಸುವುದರಿಂದ, ಕೆಲಸ ಆರಂಭವಾದೊಡನೆ ಅವರು ಅದನ್ನು ಕಿವಿಯಿಂದ ತೆಗೆದು ಡಬ್ಬಿಯಲ್ಲಿಡುತ್ತಾರೆ. ಅಲ್ಲಿಂದ ಸಂಜೆಯವರೆಗೆ ಕರೆಗಂಟೆಯೂ ಕೇಳಿಸದು, ದೂರವಾಣಿಯೂ ಕೇಳಿಸದು. ವಾಕ್ ಮತ್ತು ಶ್ರವಣಕ್ಕಾಗಿಯೇ ಒಂದು ಅಖಿಲ ಭಾರತ ಸಂಸ್ಥೆಯನ್ನು ಮಾನಸಗಂಗೋತ್ರಿಯಲ್ಲಿ ಪಡೆದಿರುವ ಈ ಊರಿನಲ್ಲಿ ಹೀಗಾಗುವುದು ನಮಗೆ ವ್ಯಥೆಯನ್ನುಂಟುಮಾಡಿದೆ. ರಾತ್ರಿ ಪಾಳಿಯನ್ನು ಮುಗಿಸಿ ಬಂದ ದಾದಿ, ಬಾಣಂತಿ, ಹಸುಗೂಸು, ಪರೀಕ್ಷೆಗೆ ಓದುವ ವಿದ್ಯಾರ್ಥಿ, ಇವರ ಕಷ್ಟವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ಹೊರಡಿಸಲಾದ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬಲ್, ರಾತ್ರಿಯಲ್ಲಿ 45 ಡೆಸಿಬಲ್ ಎಂದು ಮಿತಿಯನ್ನು ನಿಗದಿಮಾಡಿವೆ. 2010ರ ತಿದ್ದುಪಡಿಯು ರಾತ್ರಿ ವೇಳೆ ವಸತಿ ಪ್ರದೇಶಗಳಲ್ಲಿ ಶಬ್ದಕಾರಿಯಾದ ನಿರ್ಮಾಣ ಯಂತ್ರಗಳನ್ನು ನಿಷೇಧಿಸಿದೆ. ನೆಮ್ಮದಿಯಾಗಿ ಬಾಳುವ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಂತರ್ಗತವಾಗಿದೆಯೆಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಬ್ದ ಮಾಲಿನ್ಯದ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹೀಗೆ ರಾತ್ರಿಗೆ ರಕ್ಷಣೆ ದೊರೆತಿದೆ. ಆದರೆ ನಿಯಮಗಳ ಪ್ರಕಾರ ಹಗಲೆಂಬುದು ಬೆಳಗ್ಗೆ 6ರಿಂದ ರಾತ್ರಿ 10ರವರೆಗಿನ 16 ಗಂಟೆಗಳ ದೀರ್ಘಕಾಲ. ಈ ಅವಧಿಯೊಳಗೆ ಮನೆಯ ಕೆಲಸದ ಯಂತ್ರಗಳಿಗೆ ಬಿಡುವಿನ ವೇಳೆಯೊಂದನ್ನು ಅವು ಗೊತ್ತುಮಾಡಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ತಾವು ಗಮನಿಸಬೇಕು. ನಿಗದಿಯಾದ ಮಿತಿ ಕಾಲದ ಸರಾಸರಿಯನ್ನು ಅವಲಂಬಿಸಿದ್ದು, ಹಗಲಿನಲ್ಲಿ ಶಬ್ದವು ಆ ಮಿತಿಯನ್ನು 10 ಡೆಸಿಬಲ್‌ನಷ್ಟು ಮೀರಿದಾಗ ದೂರಿಗೆ ಅವಕಾಶ. 80 ಡೆಸಿಬಲ್‌ನ ಕೊರೆತ ಹತ್ತು ನಿಮಿಷ ನಡೆದು, ಉಳಿದ ಹಗಲೆಲ್ಲ ಬೀದಿ ಶಾಂತವಾಗಿದ್ದರೆ, 16 ಗಂಟೆಗಳ ಸರಾಸರಿ 60ರ ಆಸುಪಾಸಿಗೆ ಇಳಿಯುತ್ತದೆ. ಕೂಸನ್ನು ಬೆಚ್ಚಿ ಎಬ್ಬಿಸಿದ ಶಬ್ದವು ಲೆಕ್ಕದಲ್ಲಿ ದೂರಿನ ಅಂಚನ್ನೂ ಮುಟ್ಟುವುದಿಲ್ಲ. ಮಾಪಕವೊಂದರಿಂದಲೇ ಪರಿಹಾರ ಸಿಗಲಾರದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಅನುಭವದಲ್ಲಿ ಶಬ್ದಕ್ಕಿಂತಲೂ ಹೆಚ್ಚಾಗಿ ಜೀವವನ್ನು ಹಿಂಡುವುದು ಅದರ ಅನಿಶ್ಚಿತತೆ. ಯಾವಾಗ ಆರಂಭವಾದೀತು, ಎಷ್ಟು ಹೊತ್ತಿಗೆ ನಿಂತೀತು ಎಂಬುದು ತಿಳಿದಿದ್ದರೆ ಮಗುವನ್ನು ಮಲಗಿಸುವ, ರೋಗಿಯನ್ನು ನೆಂಟರ ಮನೆಗೆ ಕಳುಹಿಸುವ, ಓದಿಗೆ ಗ್ರಂಥಾಲಯಕ್ಕೆ ಹೋಗುವ ದಾರಿಯನ್ನು ನಾವೇ ಕಂಡುಕೊಳ್ಳುತ್ತೇವೆ. ನಗರದ ಅಭಿವೃದ್ಧಿ ಕಾರ್ಯಗಳನ್ನು ಯೋಜಿಸುವಾಗ ಸ್ಥಳೀಯ ಸಂಸ್ಥೆಗಳು ಶಬ್ದವನ್ನು ಜೀವನದ ಗುಣಮಟ್ಟದ ಅಳತೆಗೋಲಾಗಿ ಪರಿಗಣಿಸತಕ್ಕದ್ದೆಂದು ಅದೇ ನಿಯಮಗಳು ಹೇಳಿರುವುದರಿಂದ, ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ:

1. ಒಡೆಯುವ, ಕೊರೆಯುವ, ಕಲ್ಲು ಕತ್ತರಿಸುವ ಕೆಲಸಗಳು ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಅನಂತರ 3ರಿಂದ ಸಂಜೆ 6ರವರೆಗೆ ಮಾತ್ರ ನಡೆಯಬೇಕು. ಭಾನುವಾರ ಮತ್ತು ಸಾರ್ವತ್ರಿಕ ರಜಾದಿನಗಳಲ್ಲಿ ನಿಲ್ಲಬೇಕು. ಬಣ್ಣ, ಗಾರೆ, ವೈರಿಂಗಿನಂಥ ಸದ್ದಿಲ್ಲದ ಕೆಲಸಗಳಿಗೆ ಈ ನಿರ್ಬಂಧ ಬೇಡ; ಆಗ ಕೂಲಿಯವರಿಗೆ ದಿನಗೂಲಿಯ ನಷ್ಟವೂ ಆಗದು.

2. ಕೆಲಸಕ್ಕೆ ಏಳು ದಿನ ಮುಂಚೆ ಮಾಲೀಕರು ಅದರ ಅವಧಿಯನ್ನೂ ಗದ್ದಲದ ದಿನಗಳನ್ನೂ ಮೇಸ್ತ್ರಿಯ ದೂರವಾಣಿ ಸಂಖ್ಯೆಯನ್ನೂ ಬರೆದ ಫಲಕವನ್ನು ಗೇಟಿಗೆ ತೂಗುಹಾಕಿ, ಅಕ್ಕಪಕ್ಕದ ಮನೆಗಳಿಗೆ ತಿಳಿಸಬೇಕು.

3. ಗ್ರಾನೈಟ್ ಮತ್ತು ಟೈಲ್ಸ್‌ಗಳನ್ನು ಸಾಧ್ಯವಾದಮಟ್ಟಿಗೆ ಅಳತೆಯಂತೆ ಅಂಗಡಿಯಲ್ಲಿಯೇ ಕತ್ತರಿಸಿ ತರಬೇಕು. ಸ್ಥಳದಲ್ಲಿ ಕತ್ತರಿಸಲೇಬೇಕಾದರೆ ನೀರು ಹಾಕಿ ಕತ್ತರಿಸಬೇಕು.

4. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪರೀಕ್ಷೆಗಳ ಕಾಲದಲ್ಲಿಯೂ, ಬೀದಿಯಲ್ಲಿ ಸಾವು ಅಥವಾ ತೀವ್ರ ಅಸ್ವಸ್ಥತೆ ಸಂಭವಿಸಿದಾಗಲೂ, ಗದ್ದಲದ ಕೆಲಸವನ್ನು ಮುಂದೂಡಬೇಕು.

5. ಶಬ್ದಮಾಪಕವನ್ನು ಹೊಂದಿದ ಒಬ್ಬ ಅಧಿಕಾರಿಯನ್ನು ವಾರ್ಡಿಗೆ ನೇಮಿಸಿ, ಶಬ್ದ ನಡೆಯುತ್ತಿರುವಾಗಲೇ ಅವರು ಸ್ಥಳಕ್ಕೆ ಬರುವಂತೆ ಮಾಡಬೇಕು. ಮೊದಲು ಉಭಯತ್ರರನ್ನು ಕೂರಿಸಿ ಒಪ್ಪಂದಕ್ಕೆ ಯತ್ನಿಸಿ, ಅದು ವಿಫಲವಾದಲ್ಲಿ ಮಾತ್ರ ದಂಡ ವಿಧಿಸಬೇಕು.

6. ಯಂತ್ರ ಹಿಡಿದ ಕೆಲಸಗಾರರಿಗೆ ಕಿವಿಯ ರಕ್ಷಣೆಯನ್ನೂ ಧೂಳಿನ ಮುಖವಾಡವನ್ನೂ ಒದಗಿಸುವುದನ್ನು ಕಡ್ಡಾಯಗೊಳಿಸಬೇಕು. ನಾವು ಗೋಡೆಯ ಆಚೆಯಿಂದ ಸಹಿಸುವ ಶಬ್ದವನ್ನು ಅವರು ಕೈಯಳತೆಯ ದೂರದಲ್ಲಿ ದಿನವಿಡೀ ಸಹಿಸುತ್ತಾರೆ.

ಮನೆಯನ್ನು ಸುಂದರಗೊಳಿಸಿಕೊಳ್ಳುವ ಹಕ್ಕು, ಮನೆಯಲ್ಲಿ ಸುಖವಾಗಿರುವ ಹಕ್ಕು, ಇವೆರಡೂ ಒಂದೇ ಗೋಡೆಯ ಎರಡು ಪಕ್ಕಗಳಲ್ಲಿ ನೆಲೆಸಿರುವುವು. ಗಡಿಯಾರದ ಮೂಲಕ ಅವುಗಳನ್ನು ಹೊಂದಿಸುವುದು ತಮ್ಮ ಒಂದು ಆದೇಶದಿಂದ ಸಾಧ್ಯ. ಮಧ್ಯಾಹ್ನ 1ರಿಂದ 3ರವರೆಗೆ ಬೀದಿಯೆಲ್ಲ ಶಾಂತವಾಗಿರುವುದೆಂಬ ಭರವಸೆ ದೊರೆತರೆ, ನಮ್ಮ ಅಧ್ಯಾಪಿಕೆಯವರು ಡಬ್ಬಿಯಿಂದ ಯಂತ್ರವನ್ನು ತೆಗೆದು ಕಿವಿಗಿಟ್ಟುಕೊಂಡು, ಆ ವೇಳೆಯಲ್ಲಿ ದೂರವಾಣಿ ಮಾಡೆಂದು ಮಗಳಿಗೆ ಹೇಳಬಲ್ಲರು.

ಈ ಬೇಡಿಕೆಗಳನ್ನು ಪರಾಮರ್ಶಿಸಿ, ನಮ್ಮ ಪ್ರತಿನಿಧಿಗಳಿಗೆ ಸಂದರ್ಶನವನ್ನು ದಯಪಾಲಿಸಿ, ಸೂಕ್ತ ಆದೇಶವನ್ನು ಹೊರಡಿಸಬೇಕಾಗಿ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸರಸ್ವತೀಪುರದ ಅಡ್ಡರಸ್ತೆಯ ನಿವಾಸಿಗಳು
(ಸಹಿಗಳ ಪಟ್ಟಿಯನ್ನು ಲಗತ್ತಿಸಿದೆ)

ಸ್ಥಳ: ಮೈಸೂರು

ಪ್ರತಿ: ಮಾನ್ಯ ನಗರ ಪೊಲೀಸ್ ಆಯುಕ್ತರು, ಮೈಸೂರು, ಇವರ ಅವಗಾಹನೆಗಾಗಿ.