ಎಷ್ಟು ಜನ ಕೂರ್ತಾರೆ?

ಟ್ಯಾಂಕು ಯಾವುದು, ಲಾರಿ ಯಾವುದು ಎಂಬುದರಲ್ಲಿ ಯಾರಿಗೂ ಜಗಳವಿಲ್ಲ. ತಕರಾರೆಲ್ಲ ನಡುವಿನ ಗಾಡಿಗಳದ್ದು. ಎರಡನೆಯ ಮಹಾಯುದ್ಧದ ವಿಡಿಯೋ ಗೇಮುಗಳಲ್ಲಿ ಮುಂದೆ ಲಾರಿಯ ಗಾಲಿ, ಹಿಂದೆ ಟ್ಯಾಂಕಿನ ಪಟ್ಟಿ, ಸುತ್ತ ಉಕ್ಕಿನ ಕವಚ ಇರುವ ಹಾಫ್‌ಟ್ರ್ಯಾಕ್ ಕಂಡರೆ ಸಾಕು, 'ಸೈನಿಕರ ಸಾಗಣೆ' ಅಂತ ಬರೆದುಬಿಡ್ತಾರೆ. ಹಾರ್ಟ್ಸ್ ಆಫ್ ಐರನ್ 4 (2016) ಅವುಗಳನ್ನು ಯಾಂತ್ರಿಕ ಪದಾತಿದಳದ ಸಾಮಾನೆಂದು ಒಂದೇ ಖಾತೆಗೆ ಹಾಕುತ್ತದೆ. ಇಂಥದೇ ಒಂದು ಆಟ ಕಟ್ಟುತ್ತಿರುವ ನನ್ನ ರೂಂಮೇಟ್ ವಾಹನಗಳ ಪಟ್ಟಿಯನ್ನು ನನ್ನ ತಲೆಗೆ ಕಟ್ಟಿದ. "ಕಾಮರ್ಸಿನವ ಅಲ್ಲೇನಲೇ ನೀ, ಲೆಡ್ಜರ್ ಬರದಂಗ ಬರಿ" ಅಂದ. ಲೆಡ್ಜರ್ ಬರೆಯುವವನಾಗಿಯೇ ಹೇಳ್ತೀನಿ, ಈ ಖಾತೆ ತಪ್ಪು.

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಕ್ಯಾರಿಯರ್ ಅಂದರೆ ಸೈಕಲ್ಲಿನದು. ಅದರ ಮೇಲೆ ಯಾರಾದರೂ ಕೂತರೇ ಅದಕ್ಕೆ ಅರ್ಥ.

ಜರ್ಮನರ 251 ಎಂಬ ಹಾಫ್‌ಟ್ರ್ಯಾಕ್ ತೆಗೆದುಕೊಳ್ಳಿ. 251/1ರಲ್ಲಿ ನಡೆಸುವವರು ಇಬ್ಬರು, ಹಿಂದೆ ಹತ್ತು ಸೈನಿಕರು. ಸರಿ, ಇದು ಸಾಗಣೆಯದೇ. ಆದರೆ 251/9ರ ಮೇಲೆ 75 ಮಿ.ಮೀ. ತೋಪು ಕೂತಿದೆ, 251/16 ಬೆಂಕಿ ಉಗುಳುತ್ತದೆ, 251/8 ಆಂಬುಲೆನ್ಸ್. ಮೈಕಟ್ಟು ಒಂದೇ, ಕಸುಬು ಬೇರೆ. ಆಫೀಸಿನಲ್ಲಿ ಕುರ್ಚಿ ಫರ್ನಿಚರ್ ಖಾತೆಗೆ ಹೋಗುತ್ತೆ, ಕುರ್ಚಿ ಮಾರುವ ಅಂಗಡಿಯಲ್ಲಿ ಅದೇ ಕುರ್ಚಿ ಸರಕು. ಫಸ್ಟ್ ಇಯರಿನಲ್ಲೇ ಕಲಿತದ್ದಲ್ಲವೇ ಇದು?

ಆಟದಲ್ಲಿ ನನ್ನ ಹತ್ತಿರ ನೂರು 251 ಇವೆ ಅನ್ನಿ. ಕಂಪ್ಯೂಟರ್ ಸಾವಿರ ಸೈನಿಕರಿಗೆ ಜಾಗವಿದೆ ಅನ್ನುತ್ತದೆ. ಅದರಲ್ಲಿ ನಲವತ್ತು ತೋಪಿನವು, ಆಂಬುಲೆನ್ಸಿನವು ಆಗಿದ್ದರೆ? ನಾನೂರು ಜನ ಬರೀ ಕಾಗದದ ಮೇಲೆ ಗಾಡಿಯಲ್ಲಿ ಕೂತಿದ್ದಾರೆ! ಇಂಥ ಬ್ಯಾಲೆನ್ಸ್ ಶೀಟಿಗೆ ಯಾವ ಆಡಿಟರ್ ಸಹಿ ಹಾಕ್ತಾನೆ?

ಇದರ ಉಲ್ಟಾ ಕತೆ ಇನ್ನೂ ಚೆನ್ನಾಗಿದೆ. 1944ರ ಆಗಸ್ಟಿನಲ್ಲಿ, ಫ್ರಾನ್ಸಿನ ಕಾನ್ ಪಟ್ಟಣದ ದಕ್ಷಿಣಕ್ಕೆ ದಾಳಿ ಮಾಡಬೇಕಿದ್ದ ಕೆನಡಾದವರಿಗೆ ಸೈನಿಕರನ್ನು ಸಾಗಿಸಲು ಗಟ್ಟಿ ಗಾಡಿ ಬೇಕಿತ್ತು. 'ಪ್ರೀಸ್ಟ್' ಎಂಬ ತೋಪಿನ ಬಂಡಿಗಳು 76 ಇದ್ದವು. ಜನರಲ್ ಸೈಮಂಡ್ಸ್ 105 ಮಿ.ಮೀ. ತೋಪುಗಳನ್ನು ಕಿತ್ತುಹಾಕಿಸಿ, ತೂತಿಗೆ ಉಕ್ಕಿನ ತಗಡು ಬೆಸೆಸಿ, ಒಳಗೆ ಸೈನಿಕರನ್ನು ತುಂಬಿಸಿದ. ದೀಕ್ಷೆ ಬಿಟ್ಟ ಪಾದ್ರಿಗಳು ಅಂತ ಸಿಪಾಯಿಗಳು ತಮಾಷೆ ಮಾಡಿದರು; ಇಂಥ ಗಾಡಿಗಳಿಗೆ ಕಾಂಗರೂ ಅಂತಲೂ ಹೆಸರಾಯಿತು. ರೂಂಮೇಟನ ನಿಯಮ ಹಿಡಿದರೆ ಇವು ಪಟ್ಟಿಯಲ್ಲೇ ಇಲ್ಲ, ಯಾಕೆಂದರೆ ಹಾಫ್‌ಟ್ರ್ಯಾಕ್ ಅಲ್ಲ.

ಯುದ್ಧ ಮುಗಿದ ಮೇಲೆ ಗೋಜಲು ಹೆಚ್ಚೇ ಆಯಿತು. ನಮ್ಮ ಹೈದರಾಬಾದಿನ ಪಕ್ಕದ ಮೆದಕ್ ಕಾರ್ಖಾನೆಯ 'ಸರಥ್' 30 ಮಿ.ಮೀ. ತೋಪನ್ನೂ ಹೊರುತ್ತದೆ, ಏಳು ಸೈನಿಕರನ್ನೂ ಹೊರುತ್ತದೆ. ಇಂಥವನ್ನು ಎಣಿಸಲೇಬೇಕಾದವರು 1990ರಲ್ಲಿ ಪ್ಯಾರಿಸ್ಸಿನಲ್ಲಿ ಯುರೋಪಿನ ಸೇನೆಗಳ ಒಪ್ಪಂದ ಬರೆದವರು. ಮೊದಲು ಅವರು ಕೇಳಿದ್ದು ಒಂದು ತುಕಡಿ ಕೂರುತ್ತದೆಯೇ ಅಂತ. ಆಮೇಲೆ ತೋಪಿನ ಅಳತೆ: 20 ಮಿ.ಮೀ.ಗಿಂತ ಕಡಿಮೆಯಿದ್ದರೆ ಸಾಗಣೆಯದು, ಇಪ್ಪತ್ತಕ್ಕೆ ಮುಟ್ಟಿದರೆ ಕಾದಾಟದ್ದು. ನೋಡಲು ಹಾಗೇ ಇದ್ದು ತುಕಡಿಗೆ ಜಾಗವಿಲ್ಲದವನ್ನು ಬೇರೆಯೇ ತೆಗೆದಿಟ್ಟರು. ಆ ಒಪ್ಪಂದದಿಂದ ರಷ್ಯಾ 2023ರಲ್ಲಿ ಹೊರಬಿತ್ತು, ಅದು ಬೇರೆ ಮಾತು. ಪ್ರಶ್ನೆ ಕೇಳಿದ ಕ್ರಮ ಮಾತ್ರ ನನಗೆ ಹಿಡಿಸಿತು.

ಹಾಗಾಗಿ ನಾನು 'ಸಾಗಣೆ ಹೌದು, ಅಲ್ಲ' ಎಂಬ ಕಾಲಂ ಹೊಡೆದುಹಾಕಿ, ಬಸ್ಸಿನೊಳಗೆ ಬರೆದಿರ್ತಾರಲ್ಲ, ಹಾಗೆ ಆಸನ ಸಂಖ್ಯೆ ಹಾಕಿದ್ದೇನೆ. 251/1ಕ್ಕೆ 10, 251/9ಕ್ಕೆ ಸೊನ್ನೆ. ಪಕ್ಕದಲ್ಲೇ ಇನ್ನೊಂದು ಕಾಲಂ: ಮೇಲೆ ಛಾವಣಿ ಇದೆಯೋ ಇಲ್ಲವೋ. 251ಕ್ಕೂ ಇಲ್ಲ, ಅಮೆರಿಕದ ಎಂ3ಗೂ ಇಲ್ಲ. ಸಿಡಿಗುಂಡು ಮೇಲಿನಿಂದ ಬಿದ್ದರೆ ಪಕ್ಕದ ಕವಚ ಏನು ಮಾಡೀತು? ಈಗಿನ ಪಟ್ಟಿಯ ಪ್ರಕಾರ ಆಗ ಪರದೆಯ ಮೇಲೆ 'ವಾಹನ: ಒಂದು ಕಡಿಮೆ' ಅಂತ ಬರುತ್ತದೆ. ಅಲ್ಲಿ ಹನ್ನೆರಡು ಜನ ಕೂತಿದ್ದರು.